ನೆಲದಾಳದ ಅದಿರು ಮೇಲೇರುವ ದಾರಿ

ಕೋಲಾರದ ಚಿನ್ನದ ಗಣಿಗಳು 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತಕ್ಕೆ ಬಂದಂದಿನಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಕೊಟ್ಟವು ಎಂಬ ಲೆಕ್ಕ ಬಹಳ ಮಂದಿಗೆ ಗೊತ್ತಿದೆ. ಅಷ್ಟು ಚಿನ್ನಕ್ಕಾಗಿ ಸುಮಾರು ಐದು ಕೋಟಿ ಟನ್ ಅದಿರನ್ನು ನೆಲದೊಳಗಿನಿಂದ ಮೇಲಕ್ಕೆತ್ತಬೇಕಾಯಿತು ಎಂಬ ಲೆಕ್ಕವನ್ನು ನೆನೆಯುವವರು ಕಡಿಮೆ. ಸರಾಸರಿ ತೆಗೆದರೆ ಒಂದು ಟನ್ ಅದಿರಿಗೆ 16 ಗ್ರಾಂ ಚಿನ್ನ ದಕ್ಕಿದಂತಾಯಿತು, ಅದೂ ಮೊದಲ ದಶಕಗಳ ಸಮೃದ್ಧ ಅದಿರನ್ನು ಸೇರಿಸಿಕೊಂಡು. ಕೊನೆಯ ವರ್ಷಗಳಲ್ಲಿ ಆ ಪ್ರಮಾಣ ಕೆಲವೇ ಗ್ರಾಂಗೆ ಇಳಿದಿತ್ತು. ಉಳಿದ ಕಲ್ಲೆಲ್ಲ ನುಣ್ಣಗೆ ಪುಡಿಯಾಗಿ ಪಟ್ಟಣದ ಮಗ್ಗುಲಲ್ಲಿ ಸೈನೈಡ್ ದಿಬ್ಬಗಳಾಗಿ ನಿಂತಿತು. ನೆಲದಡಿಯ ಗಣಿಯನ್ನು ಕಲ್ಲು ಸಾಗಿಸುವ ಉದ್ಯಮವೆಂದು ತಿಳಿದು ನೋಡಿದಾಗ ಅದರ ಲಾಭನಷ್ಟ, ಅಪಾಯ, ಆಯುಸ್ಸು ಮೂರೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಕೋಲಾರದ ಚಾಂಪಿಯನ್ ರೀಫ್ ಆಗಲಿ ರಾಯಚೂರು ಜಿಲ್ಲೆಯ ಹಟ್ಟಿಯ ರೀಫ್‌ಗಳಾಗಲಿ, ಬಂಡೆಯ ನಡುವೆ ಕಡಿದಾಗಿ ಕೆಳಗಿಳಿಯುವ ತೆಳುವಾದ ಅದಿರಿನ ಪಟ್ಟಿಗಳು; ಅಂಥ ಪಟ್ಟಿಗೇ ಗಣಿಯ ಮಾತಿನಲ್ಲಿ ರೀಫ್ ಅಥವಾ ಲೋಡ್ ಎನ್ನುತ್ತಾರೆ. ಅದರ ಪಕ್ಕದ ಗಟ್ಟಿ ಬಂಡೆಯಲ್ಲಿ ನೇರವಾಗಿ ಕೆಳಗಿಳಿಸಿದ ಬಾವಿಯೇ ಶಾಫ್ಟ್. ಶಾಫ್ಟಿನಿಂದ ನಿರ್ದಿಷ್ಟ ಆಳಗಳಲ್ಲಿ, ಒಂದರ ಕೆಳಗೊಂದರಂತೆ, ರೀಫಿನ ಕಡೆಗೆ ಕೊರೆದ ಸುರಂಗಗಳು ಲೆವೆಲ್‌ಗಳು. ಎರಡು ಲೆವೆಲ್‌ಗಳ ನಡುವೆ ರೀಫನ್ನು ಸಿಡಿಸಿ ಅದಿರು ತೆಗೆಯುವ ಜಾಗ ಸ್ಟೋಪ್. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಜನರು ಇನ್ನೂರು ಮೀಟರಿಗೆ ಸಮೀಪದ ಆಳದವರೆಗೆ ರೀಫನ್ನು ಹಿಂಬಾಲಿಸಿ ಹೋಗಿದ್ದರೆಂಬುದಕ್ಕೆ ಅಲ್ಲಿನ ಹಳೆಯ ತೋಡುಗಳೇ ಸಾಕ್ಷಿಯಾಗಿವೆ. ಯಂತ್ರವಿಲ್ಲದ ಆ ಕಾಲದಲ್ಲಿ ಅಷ್ಟು ಆಳದಿಂದ ಪ್ರತಿಯೊಂದು ಕಲ್ಲನ್ನೂ ಮನುಷ್ಯರ ತೋಳ್ಬಲದಿಂದ ಮೇಲೆ ತಂದವರ ಶ್ರಮವನ್ನು ಊಹಿಸುವುದೂ ಕಷ್ಟ.

ಆಧುನಿಕ ಗಣಿಯಲ್ಲಿ ಅದಿರಿನ ಪಯಣ ವಿಚಿತ್ರವೆನಿಸುವಂತೆ ಕೆಳಮುಖವಾಗಿ ಆರಂಭವಾಗುತ್ತದೆ. ಸ್ಟೋಪಿನಲ್ಲಿ ಸಿಡಿದ ಕಲ್ಲನ್ನು ಅದೇ ಲೆವೆಲ್‌ನಿಂದ ನೇರವಾಗಿ ಮೇಲೆತ್ತುವ ಬದಲು, ಹಲವು ಲೆವೆಲ್‌ಗಳ ಅದಿರನ್ನು ಓರ್ ಪಾಸ್ ಎಂಬ ಕಡಿದಾದ ಕಿಂಡಿಗಳಲ್ಲಿ ಸುರಿದು, ಕೆಳಗಿನ ಒಂದು ಮುಖ್ಯ ಲೆವೆಲ್‌ನಲ್ಲಿ ಒಟ್ಟುಗೂಡಿಸಿ, ಅಲ್ಲಿಂದ ಒಂದೇ ದಾರಿಯಲ್ಲಿ ಮೇಲಕ್ಕೆ ಕಳುಹಿಸುವುದು ಇಂದು ಅನೇಕ ಗಣಿಗಳಲ್ಲಿ ರೂಢಿಯಲ್ಲಿರುವ ಕ್ರಮ. ಕೆಳಗೆ ಬಿಟ್ಟದ್ದನ್ನು ಮತ್ತೆ ಎತ್ತಬೇಕಾಗುವುದರಿಂದ ಇದರಲ್ಲಿ ಒಂದಿಷ್ಟು ಶಕ್ತಿ ವ್ಯರ್ಥವಾಗುವುದು ನಿಜ. ಆದರೂ ಪ್ರತಿ ಲೆವೆಲ್‌ಗೂ ಪ್ರತ್ಯೇಕ ರೈಲು, ಪ್ರತ್ಯೇಕ ಲೋಡಿಂಗ್ ವ್ಯವಸ್ಥೆ, ಪ್ರತ್ಯೇಕ ಸಿಬ್ಬಂದಿ ಇಡುವ ಖರ್ಚಿನ ಮುಂದೆ ಆ ನಷ್ಟ ಏನೂ ಅಲ್ಲ. ಇದಕ್ಕಿಂತ ದೊಡ್ಡ ಪ್ರಯೋಜನವೊಂದು ಓರ್ ಪಾಸಿನಿಂದ ಸಿಗುತ್ತದೆ. ಅದು ದಾರಿಯಾಗಿರುವಂತೆಯೇ ಉಗ್ರಾಣವೂ ಆಗಿರುತ್ತದೆ: ಮೇಲಿನ ಸ್ಟೋಪಿನಲ್ಲಿ ಕೆಲಸ ನಿಂತ ಹೊತ್ತಿನಲ್ಲಿ ಕೆಳಗಿನ ರೈಲಿಗೆ ಅದಿರು ಒದಗಿಸುತ್ತದೆ, ರೈಲು ಕೆಟ್ಟು ನಿಂತ ಹೊತ್ತಿನಲ್ಲಿ ಮೇಲಿನವರು ಸುರಿದದ್ದನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ.

ಹೀಗೆ ಉಪಕಾರಿಯಾದ ಈ ಕಿಂಡಿಯೇ ಗಣಿಯ ಅತ್ಯಂತ ಅಪಾಯಕಾರಿ ಜಾಗಗಳಲ್ಲಿ ಒಂದು. ಸಿಡಿದ ಕಲ್ಲು ನೀರಿನಂತೆ ಹರಿಯುವುದಿಲ್ಲ. ಎರಡು ಮೂರು ದೊಡ್ಡ ಬಂಡೆಗಳು ಕಿಂಡಿಯ ಗೋಡೆಗಳ ನಡುವೆ ಒಂದಕ್ಕೊಂದು ಆತು ಕಮಾನು ಕಟ್ಟಿಕೊಂಡರೆ ಅವುಗಳ ಮೇಲಿನ ನೂರಾರು ಟನ್ ಅದಿರು ಅಲ್ಲೇ ನಿಂತುಬಿಡುತ್ತದೆ. ಬಂಡೆಗಳೇ ಇಲ್ಲದಿದ್ದರೂ ನುಣ್ಣನೆಯ ಪುಡಿಗೆ ಸ್ವಲ್ಪ ತೇವ ಸೇರಿ, ಕೆಲವು ದಿನ ಅಲುಗದೆ ಉಳಿದರೆ ಅದು ಗಟ್ಟಿಯಾಗಿ ಅಂಥದೇ ಕಮಾನಾಗುತ್ತದೆ. ಹ್ಯಾಂಗ್-ಅಪ್ ಎಂದು ಗಣಿಯವರು ಕರೆಯುವ ಈ ಸ್ಥಿತಿಯಲ್ಲಿ ಕೆಳಗಿನ ಚ್ಯೂಟನ್ನು, ಅಂದರೆ ಅದಿರನ್ನು ಬೇಕಾದಷ್ಟೇ ಬಿಡುವ ಬಾಗಿಲನ್ನು, ತೆರೆದರೂ ಏನೂ ಬೀಳುವುದಿಲ್ಲ. ತೂಗಿ ನಿಂತದ್ದು ಯಾವ ಕ್ಷಣದಲ್ಲಿ ಕುಸಿಯುತ್ತದೆಂದು ಹೇಳಲಾಗದು, ಅದರ ಮೇಲೆ ನೀರು ಸೇರಿಕೊಂಡಿದ್ದರಂತೂ ಕೆಸರು ಮತ್ತು ಕಲ್ಲಿನ ಪ್ರವಾಹವೇ ಬಾಗಿಲನ್ನು ಮುರಿದುಕೊಂಡು ಸುರಂಗಕ್ಕೆ ನುಗ್ಗುತ್ತದೆ. ಕಟ್ಟಿಕೊಂಡದ್ದನ್ನು ಬಿಡಿಸಲು ಕೆಳಗಿನಿಂದ ಕಿಂಡಿಯೊಳಗೆ ಹೋದವರು ಜೀವ ಕಳೆದುಕೊಂಡ ಪ್ರಸಂಗಗಳು ಗಣಿಗಾರಿಕೆಯಿರುವ ಹಲವು ದೇಶಗಳಲ್ಲಿ ನಡೆದಿವೆ. ಆದ್ದರಿಂದಲೇ ಉದ್ದನೆಯ ಕೋಲಿನ ತುದಿಗೆ ಸಿಡಿಮದ್ದು ಕಟ್ಟಿ ದೂರದಿಂದ ಸಿಡಿಸುವುದು, ನೀರಿನ ಒತ್ತಡವನ್ನು ಎಚ್ಚರದಿಂದ ಬಳಸುವುದು, ಯಾರೂ ಕಿಂಡಿಯ ಕೆಳಗೆ ಕಾಲಿಡದಂತೆ ತಡೆಯುವುದು ಇಂದಿನ ಕಟ್ಟುನಿಟ್ಟಿನ ಪದ್ಧತಿಗಳಾಗಿವೆ.

ಬಿಡಿಸುವುದಕ್ಕಿಂತ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಎಷ್ಟೋ ಮೇಲು, ಮತ್ತು ಅದು ಗಣಿಯ ವಿನ್ಯಾಸದಲ್ಲೇ ತೀರ್ಮಾನವಾಗುವ ಸಂಗತಿ. ಕಿಂಡಿಯ ಅಗಲ ಅದರೊಳಗೆ ಬೀಳಬಹುದಾದ ಅತಿ ದೊಡ್ಡ ಕಲ್ಲಿನ ಸುಮಾರು ಐದು ಪಟ್ಟಾದರೂ ಇದ್ದರೆ ಬಂಡೆಗಳು ಕಮಾನು ಕಟ್ಟುವ ಸಂಭವ ಕಡಿಮೆಯಾಗುತ್ತದೆ, ಮೂರು ಪಟ್ಟಿಗಿಂತ ಕೆಳಗಿಳಿದರೆ ಅದು ಪದೇ ಪದೇ ಕಟ್ಟಿಕೊಳ್ಳುವುದು ಖಚಿತವೆಂದೇ ಎಂಜಿನಿಯರುಗಳು ಭಾವಿಸುತ್ತಾರೆ. ಅದಕ್ಕಾಗಿ ಕಿಂಡಿಯ ಬಾಯಿಗೆ ಗ್ರಿಜ್ಲಿ ಎಂಬ ದಪ್ಪ ಕಬ್ಬಿಣದ ಜಾಲರಿಯನ್ನು ಹಾಕಿ, ಅದರಲ್ಲಿ ನುಸುಳದ ಬಂಡೆಗಳನ್ನು ಯಂತ್ರದ ಸುತ್ತಿಗೆಯಿಂದ ಅಲ್ಲಿಯೇ ಒಡೆಯುತ್ತಾರೆ. ಕಿಂಡಿಯನ್ನು ಪೂರ್ತಿ ಬರಿದಾಗಲು ಬಿಡದೆ, ಆದರೆ ಒಳಗಿನದು ಗಟ್ಟಿಯಾಗದಂತೆ ದಿನವೂ ಸ್ವಲ್ಪ ಸ್ವಲ್ಪ ಎಳೆಯುತ್ತಾರೆ. ಬರಿದಾದ ಕಿಂಡಿಯಲ್ಲಿ ನೂರು ಮೀಟರ್ ಎತ್ತರದಿಂದ ಬೀಳುವ ಒಂದು ಕಲ್ಲು ಕೆಳಗಿನ ಉಕ್ಕಿನ ಬಾಗಿಲನ್ನು ಜಜ್ಜಿಹಾಕಬಲ್ಲದು. ಗ್ರಿಜ್ಲಿಯ ಕಂಬಿಯೊಂದು ಮುರಿದರೆ ಅದನ್ನು ಮರುದಿನ ನೋಡಿದರಾಯಿತೆಂದು ಬಿಡುವ ಗಣಿ, ಉಳಿಸಿದ ಒಂದು ಗಂಟೆಗೆ ಹತ್ತಾರು ಗಂಟೆಗಳನ್ನೂ ಕೆಲವೊಮ್ಮೆ ಮನುಷ್ಯಜೀವವನ್ನೂ ತೆರಬೇಕಾಗುತ್ತದೆ.

ಲೆವೆಲ್‌ನ ಉದ್ದಕ್ಕೂ ಅದಿರನ್ನು ಒಯ್ಯುವ ಕೆಲಸ ಕೋಲಾರದಲ್ಲಿ ಬಹುಕಾಲ ಮನುಷ್ಯರದೇ ಆಗಿತ್ತು. ಸಿಡಿದ ಕಲ್ಲನ್ನು ಸಲಿಕೆಯಿಂದ ಟಬ್ ಎಂಬ ಕಬ್ಬಿಣದ ಡಬ್ಬಿಗೆ ತುಂಬುವುದಕ್ಕೆ ಮಕ್ಕಿಂಗ್ ಎಂದೂ, ಟಬ್ಬನ್ನು ಹಳಿಯ ಮೇಲೆ ತಳ್ಳಿಕೊಂಡು ಹೋಗುವುದಕ್ಕೆ ಟ್ರಾಮಿಂಗ್ ಎಂದೂ ಹೆಸರು. ಆಳದ ಲೆವೆಲ್‌ಗಳಲ್ಲಿ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದ ಗಣಿಯಲ್ಲಿ ಈ ಕೆಲಸ ಮಾಡಿದವರ ಬೆವರು ಯಾವ ಉತ್ಪಾದನಾ ಪಟ್ಟಿಯಲ್ಲೂ ದಾಖಲಾಗಲಿಲ್ಲ. ಸಾಗಣೆ ಮೇಲ್ಮುಖವಾಗಿ ಮಾತ್ರ ಇರಲಿಲ್ಲವೆಂಬುದನ್ನೂ ಗಮನಿಸಬೇಕು: ಅದಿರು ತೆಗೆದು ಬರಿದಾದ ಜಾಗ ಕುಸಿಯದಂತೆ ಗ್ರಾನೈಟ್ ಕಲ್ಲುಗಳನ್ನು ಮೇಲಿನಿಂದ ಇಳಿಸಿ ಗೋಡೆ ಕಟ್ಟುತ್ತಿದ್ದರು, ಮರದ ದಿಮ್ಮಿ, ಹಳಿ, ಸಿಡಿಮದ್ದು ಎಲ್ಲವೂ ಅದೇ ಶಾಫ್ಟಿನಲ್ಲಿ ಇಳಿಯಬೇಕಿತ್ತು. ಲೆವೆಲ್‌ಗಳನ್ನು ಸಾಮಾನ್ಯವಾಗಿ ಶಾಫ್ಟಿನ ಕಡೆಗೆ ಇನ್ನೂರು ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಾಗಿ ಕೊರೆಯುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಇಳಿಜಾರು ತುಂಬಿದ ಟಬ್ಬನ್ನು ಹಗುರವಾಗಿ ಉರುಳಿಸುವುದಲ್ಲದೆ ಗಣಿಯೊಳಗೆ ಜಿನುಗುವ ನೀರನ್ನೂ ತಾನಾಗಿ ಹರಿಸಿಕೊಂಡು ಹೋಗುತ್ತದೆ. ಮುಂದೆ ಬ್ಯಾಟರಿ ಎಂಜಿನ್ನುಗಳು ಬಂದವು, ಆಮೇಲೆ ಹಳಿಯ ಅಗತ್ಯವಿಲ್ಲದೆ ತಾನೇ ಬಾಚಿ, ಹೊತ್ತು, ಸುರಿಯುವ ಎಲ್‌ಎಚ್‌ಡಿ ಎಂಬ ತಗ್ಗು ಎತ್ತರದ ಗಾಲಿಯಂತ್ರಗಳು ಬಂದವು. ಎಲ್‌ಎಚ್‌ಡಿ ಇನ್ನೂರು ಮುನ್ನೂರು ಮೀಟರ್ ದೂರಕ್ಕೆ ಅತ್ಯುತ್ತಮ. ಅದಕ್ಕಿಂತ ದೂರವಾದರೆ ಅದು ಬಾಚುವುದಕ್ಕಿಂತ ಓಡಾಡುವುದರಲ್ಲೇ ಹೊತ್ತು ಕಳೆಯುತ್ತದೆ.

ಅಲ್ಲಿಂದ ಮುಂದಿನದು ಶಾಫ್ಟ್, ಇಡೀ ಗಣಿಯ ಕೊರಳು. ಅದಿರನ್ನು ಎತ್ತುವ ಉಕ್ಕಿನ ಪೆಟ್ಟಿಗೆಗೆ ಸ್ಕಿಪ್ ಎಂದು ಹೆಸರು. ಜನರನ್ನು ಒಯ್ಯುವುದು ಕೇಜ್. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದಾಗ ಒಂದು ಇಳಿಯುತ್ತ ಇನ್ನೊಂದನ್ನು ಏರಿಸುವಂತೆ ಎರಡು ಸ್ಕಿಪ್ಪುಗಳು ಒಂದಕ್ಕೊಂದು ಸಮತೂಕವಾಗಿ ಕೆಲಸ ಮಾಡುವುದರಿಂದ, ಯಂತ್ರ ಎತ್ತಬೇಕಾದದ್ದು ಮುಖ್ಯವಾಗಿ ಅದಿರಿನ ಭಾರವನ್ನು ಮಾತ್ರ. ಉದಾಹರಣೆಗೆ 800 ಮೀಟರ್ ಆಳದ ಗಣಿಯೊಂದರಲ್ಲಿ 8 ಟನ್ ಹಿಡಿಯುವ ಸ್ಕಿಪ್ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚಲಿಸುತ್ತದೆಂದು ಇಟ್ಟುಕೊಂಡರೆ, ವೇಗ ಪಡೆಯುವುದು, ನಿಧಾನಿಸುವುದು, ತುಂಬುವುದು, ಸುರಿಯುವುದು ಎಲ್ಲ ಸೇರಿ ಒಂದು ಸುತ್ತಿಗೆ ಸುಮಾರು ಎರಡು ನಿಮಿಷ ಹಿಡಿಯುತ್ತದೆ. ಗಂಟೆಗೆ 30 ಸುತ್ತು, 240 ಟನ್. ಕೆಳಗೆ ಸ್ಕಿಪ್ ತುಂಬಲು ಇಪ್ಪತ್ತು ಸೆಕೆಂಡು ಹೆಚ್ಚಾಯಿತೆಂದರೆ ಗಂಟೆಗೆ ಎತ್ತುವ ಅದಿರು 206 ಟನ್ನಿಗೆ ಇಳಿದು, ದಿನಕ್ಕೆ ಹದಿನೆಂಟು ಗಂಟೆಯ ಕೆಲಸದಲ್ಲಿ 600 ಟನ್ನಿಗೂ ಹೆಚ್ಚು ಖೋತಾ ಬೀಳುತ್ತದೆ. ಟನ್ನಿಗೆ ಮೂರು ಗ್ರಾಂ ಚಿನ್ನವಿರುವ ಅದಿರಾದರೆ ಆ ಇಪ್ಪತ್ತು ಸೆಕೆಂಡುಗಳ ಬೆಲೆ ದಿನಕ್ಕೆ ಸುಮಾರು 1.8 ಕಿಲೋ ಚಿನ್ನ. ಶಾಫ್ಟಿನ ಬುಡದಲ್ಲಿ ಒಂದು ಸ್ಕಿಪ್ಪಿಗೆ ಬೇಕಾದಷ್ಟು ಅದಿರನ್ನು ಮೊದಲೇ ಅಳೆದು ಸಿದ್ಧವಾಗಿಡುವ ಕೋಣೆಯೊಂದನ್ನು ಕೊರೆಯುವುದು ಈ ಸೆಕೆಂಡುಗಳಿಗಾಗಿಯೇ. ಹೊಸ ಯಂತ್ರ ಕೊಳ್ಳುವ ಮೊದಲು ಇಂಥ ಕಾಯುವಿಕೆಗಳನ್ನು ಗಡಿಯಾರ ಹಿಡಿದು ಅಳೆದ ಗಣಿಗಳು ಬಹಳ ಸಲ ಹೊಸ ಯಂತ್ರದ ಅಗತ್ಯವೇ ಇಲ್ಲವೆಂಬುದನ್ನು ಕಂಡುಕೊಂಡಿವೆ.

ಈ ಎಲ್ಲ ಭಾರವೂ ತೂಗುವುದು ಒಂದು ಹಗ್ಗದಲ್ಲಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದವರೆಗೆ ಗಣಿಗಳಲ್ಲಿ ಸೆಣಬಿನ ಹಗ್ಗ ಅಥವಾ ಕಬ್ಬಿಣದ ಸರಪಳಿಯಿತ್ತು. ಸರಪಳಿಯ ಒಂದು ಕೊಂಡಿ ಸೋತರೂ ಇಡೀ ಭಾರ ಕೆಳಗೆ ಬೀಳುತ್ತಿತ್ತು. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಕ್ಲೌಸ್ಟಾಲ್‌ನಲ್ಲಿ ಗಣಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟ್, ಸರಪಳಿಗಳು ಅತಿಭಾರವಿಲ್ಲದಾಗಲೂ ಪದೇ ಪದೇ ಎಳೆತಕ್ಕೆ ಒಳಗಾಗಿ ದಣಿದು ತುಂಡಾಗುವುದನ್ನು ಪ್ರಯೋಗಗಳಿಂದ ಪರೀಕ್ಷಿಸಿ, 1834ರಲ್ಲಿ ಕಬ್ಬಿಣದ ತಂತಿಗಳನ್ನು ಕೈಯಿಂದಲೇ ಹೊಸೆದು ಹಗ್ಗ ಮಾಡಿಸಿದ. ನಾಲ್ಕು ತಂತಿಯ ಮೂರು ಎಳೆಗಳ ಆ ಹಗ್ಗದಲ್ಲಿ ಒಂದು ತಂತಿ ತುಂಡಾದರೂ ಉಳಿದವು ಭಾರವನ್ನು ಹೊರುತ್ತಿದ್ದವು, ತುಂಡಾದದ್ದು ಹೊರಗೆ ಕಾಣುತ್ತಿದ್ದುದರಿಂದ ಎಚ್ಚರಿಕೆಯೂ ಸಿಗುತ್ತಿತ್ತು. ಅದೇ ದೇಶದ ಫ್ರೀಡ್ರಿಖ್ ಕೋಪೆ 1877ರಲ್ಲಿ ಹಗ್ಗವನ್ನು ದೊಡ್ಡ ಉರುಳೆಗೆ ಸುತ್ತಿಡುವ ಬದಲು ಚಕ್ರವೊಂದರ ಮೇಲೆ ಹಾಯಿಸಿ ಬರಿಯ ಘರ್ಷಣೆಯಿಂದ ಎಳೆಯುವ ವಿಧಾನವನ್ನು ರೂಪಿಸಿದ. ಇಂದಿನ ಅನೇಕ ದೊಡ್ಡ ಗಣಿಗಳ ಎತ್ತುವ ಯಂತ್ರಗಳು ಆ ತತ್ವದ ಮೇಲೆ ನಿಂತಿವೆ. ಆದರೆ ಆಳ ಹೆಚ್ಚಿದಂತೆ ಹಗ್ಗವೇ ಹೊರೆಯಾಗುತ್ತದೆ: 50 ಮಿಲಿಮೀಟರ್ ದಪ್ಪದ ಉಕ್ಕಿನ ಹಗ್ಗ ಮೀಟರಿಗೆ ಸುಮಾರು 10 ಕಿಲೋ ತೂಗುವುದರಿಂದ, ಎರಡು ಕಿಲೋಮೀಟರ್ ಇಳಿಬಿಟ್ಟಾಗ ಅದರ ಸ್ವಂತ ತೂಕವೇ 20 ಟನ್ನಾಗಿ ಸ್ಕಿಪ್ಪಿನೊಳಗಿನ ಅದಿರಿಗಿಂತ ಹೆಚ್ಚಾಗಬಹುದು. ಸುಮಾರು ಮೂರು ಕಿಲೋಮೀಟರ್ ದಾಟಿದರೆ ಒಂದೇ ಎಳೆತದಲ್ಲಿ ಅದಿರೆತ್ತುವುದು ಲಾಭದಾಯಕವಾಗಿ ಉಳಿಯುವುದಿಲ್ಲ. 3.2 ಕಿಲೋಮೀಟರ್ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್ ಗಣಿಯಲ್ಲಿ ಜನರೂ ಅದಿರೂ ನಡುದಾರಿಯಲ್ಲಿ ಒಂದು ಶಾಫ್ಟಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಮೇಲೆ ಬರಬೇಕಾಗಿತ್ತು, ಪ್ರತಿ ಬದಲಾವಣೆಯಲ್ಲೂ ಇಳಿಸಿ ಮತ್ತೆ ತುಂಬುವ ಕೆಲಸ ಹೆಚ್ಚುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರಕ್ಕೆ ವಿದ್ಯುತ್ತನ್ನು ಒಯ್ದು ಕೋಲಾರದ ಗಣಿಗಳಿಗೆ ಕೊಟ್ಟದ್ದರ ಹಿಂದೆ ಇಂಥ ಯಂತ್ರಗಳ ತೀರದ ಹಸಿವಿತ್ತು.

ಶಾಫ್ಟ್ ತೋಡುವುದಕ್ಕೆ ಹಲವು ವರ್ಷಗಳೂ ಅಪಾರ ಬಂಡವಾಳವೂ ಬೇಕಾಗುವುದರಿಂದ, ಎಷ್ಟೋ ಗಣಿಗಳು ಮೇಲಿನಿಂದ ಕೆಳಗೆ ಸುತ್ತಿಕೊಂಡು ಇಳಿಯುವ ಇಳಿಜಾರು ಸುರಂಗವನ್ನು ಕೊರೆದು ಡೀಸೆಲ್ ಲಾರಿಗಳಲ್ಲಿ ಅದಿರು ತರುವ ಸುಲಭದ ದಾರಿ ಹಿಡಿಯುತ್ತವೆ. ಕೆಲವು ನೂರು ಮೀಟರ್ ಆಳದವರೆಗೆ ಅದು ಸರಿಯಾದ ನಿರ್ಧಾರವೇ. ಆದರೆ ಅಂಥ ಸುರಂಗ ಸಾಮಾನ್ಯವಾಗಿ ಏಳು ಮೀಟರಿಗೆ ಒಂದು ಮೀಟರ್ ಇಳಿಯುವುದರಿಂದ, ಒಂದು ಕಿಲೋಮೀಟರ್ ಆಳದಿಂದ ಬರುವ ಲಾರಿ ಏಳು ಕಿಲೋಮೀಟರ್ ಏರಬೇಕು, ಖಾಲಿಯಾಗಿ ಏಳು ಕಿಲೋಮೀಟರ್ ಇಳಿಯಬೇಕು. ಒಂದು ಟನ್ ಅದಿರನ್ನು ಒಂದು ಕಿಲೋಮೀಟರ್ ಎತ್ತರಕ್ಕೇರಿಸಲು ಭೌತಶಾಸ್ತ್ರದ ಪ್ರಕಾರ ಬೇಕಾದ ಶಕ್ತಿ ಮನೆಯ ಮೀಟರಿನ ಲೆಕ್ಕದಲ್ಲಿ 2.7 ಯೂನಿಟ್ ಮಾತ್ರ. ಸಮತೂಕದ ಸ್ಕಿಪ್ಪುಗಳು ಇದಕ್ಕಿಂತ ಸ್ವಲ್ಪವೇ ಹೆಚ್ಚು ವಿದ್ಯುತ್ತಿನಲ್ಲಿ ಕೆಲಸ ಮುಗಿಸುತ್ತವೆ. ಲಾರಿಯಾದರೋ 50 ಟನ್ ಅದಿರಿನೊಡನೆ ಹೆಚ್ಚುಕಡಿಮೆ ಅಷ್ಟೇ ತೂಕದ ತನ್ನ ಮೈಯನ್ನೂ ಏರಿಸಬೇಕಾಗಿ, ಎಂಜಿನ್ನಿನ ನಷ್ಟಗಳೂ ಸೇರಿ ಟನ್ನಿಗೆ ಸುಮಾರು ಎರಡು ಲೀಟರ್ ಡೀಸೆಲ್ ಸುಡುತ್ತದೆ. ಸುಟ್ಟ ಡೀಸೆಲ್ಲಿನ ಹೊಗೆಯನ್ನು ಹೊರಹಾಕಲು ಎಂಜಿನ್ನಿನ ಪ್ರತಿ ಕಿಲೋವ್ಯಾಟಿಗೆ ಸೆಕೆಂಡಿಗೆ ಸುಮಾರು 0.06 ಘನಮೀಟರ್ ಗಾಳಿ ಬೇಕೆಂಬ ಲೆಕ್ಕ ಹಲವೆಡೆ ರೂಢಿಯಲ್ಲಿದೆ. ಆ ಪ್ರಕಾರ 500 ಕಿಲೋವ್ಯಾಟಿನ ಒಂದು ಲಾರಿಗಾಗಿ ಗಂಟೆಗೆ ಸುಮಾರು 130 ಟನ್ ಗಾಳಿಯನ್ನು ಗಣಿಯೊಳಗೆ ನೂಕಬೇಕು, ಅದು ಅಷ್ಟೇ ಹೊತ್ತಿನಲ್ಲಿ ತರುವ ಅದಿರು 50 ಟನ್ ದಾಟದಿದ್ದರೂ. ಬ್ಯಾಟರಿಯ ಲಾರಿಗಳು ಹೊಗೆಯ ಸಮಸ್ಯೆಯನ್ನು ಕಳೆಯುತ್ತವೆ, ತೂಕದ ಸಮಸ್ಯೆಯನ್ನು ಉಳಿಸುತ್ತವೆ. ರಾಜಸ್ಥಾನದ ರಾಂಪುರಾ ಅಗೂಚಾದ ಸತುವಿನ ಗಣಿ ತೆರೆದ ಗಣಿಯಿಂದ ನೆಲದಡಿಗೆ ಇಳಿದಾಗ ಸುಮಾರು 950 ಮೀಟರ್ ಆಳದ ಶಾಫ್ಟನ್ನು ತೋಡಿಸಿಕೊಂಡದ್ದು ಈ ಲೆಕ್ಕದ ಬಲದಿಂದಲೇ ಎನ್ನಬಹುದು.

ಇಂದು ಅದಿರಿನ ಸಾಗಣೆ ಅತ್ಯಂತ ವ್ಯವಸ್ಥಿತವಾಗಿ ನಡೆಯುವ ಗಣಿಗಳಲ್ಲಿ ಉತ್ತರ ಸ್ವೀಡನ್ನಿನ ಕಿರುನಾ ಕಬ್ಬಿಣದ ಗಣಿ ಮುಖ್ಯವಾದದ್ದು. ನಾಲ್ಕು ಕಿಲೋಮೀಟರ್ ಉದ್ದದ ಆ ಅದಿರಿನ ಗೋಡೆಯಿಂದ ಎಲ್‌ಕೆಎಬಿ ಕಂಪನಿ 2020ಕ್ಕೆ ಮೊದಲಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 2.6 ಕೋಟಿ ಟನ್ ತೆಗೆಯುತ್ತಿತ್ತು. ಓರ್ ಪಾಸ್‌ಗಳಲ್ಲಿ ಇಳಿದ ಅದಿರನ್ನು 1365 ಮೀಟರ್ ಲೆವೆಲ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ವ್ಯಾಗನ್ನುಗಳ ಚಾಲಕರಿಲ್ಲದ ರೈಲುಗಳು ತುಂಬಿಕೊಂಡು ಹೋಗಿ, ಚಲಿಸುತ್ತಲೇ ತಳ ತೆರೆದು ಸುರಿಯುತ್ತವೆ. ಅಲ್ಲಿಯೇ ಒಡೆದು ಚಿಕ್ಕದಾಗಿಸಿದ ಅದಿರು ಎರಡು ಹಂತಗಳಲ್ಲಿ ಸ್ಕಿಪ್ಪುಗಳ ಮೂಲಕ ಮೇಲೇರುತ್ತದೆ. ದೂರದ ಕೋಣೆಯಿಂದ ಯಂತ್ರ ನಡೆಸುವ ವ್ಯವಸ್ಥೆಯ ನಿಜವಾದ ಲಾಭ ಸಂಬಳದ ಉಳಿತಾಯದಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ಹೊತ್ತಿನ ಉಳಿತಾಯದಲ್ಲಿ ಕಾಣುತ್ತದೆ, ಏಕೆಂದರೆ ಸಿಡಿತದ ಹೊಗೆ ಚದುರುವ ತನಕ, ಶಿಫ್ಟ್ ಬದಲಾಗುವ ತನಕ ಮನುಷ್ಯರು ಕಾಯಬೇಕಾದ ಗಂಟೆಗಳಲ್ಲಿ ಯಂತ್ರಗಳು ದುಡಿಯಬಲ್ಲವು. ಆದರೆ ಎಲ್ಲ ಅದಿರನ್ನೂ ಒಂದೇ ಲೆವೆಲ್‌ಗೆ ತಂದು ಕೂಡಿಸುವ ದಕ್ಷತೆಯಲ್ಲಿ ಒಂದು ದೌರ್ಬಲ್ಯವೂ ಅಡಗಿದೆ: 2020ರ ಮೇ ತಿಂಗಳಲ್ಲಿ ಗಣಿಯೊಳಗೆ ಸಂಭವಿಸಿದ ತೀವ್ರ ಕಂಪನ ಒಂದು ಭಾಗದ ಸುರಂಗಗಳನ್ನು ಹಾಳುಗೆಡವಿದಾಗ ಉತ್ಪಾದನೆ ದೀರ್ಘಕಾಲ ಕುಂಠಿತವಾಯಿತು. ನೆಲದಾಳದ ಒತ್ತಡದಿಂದ ತಾನಾಗಿ ಆಗುವ ಬಂಡೆ ಸಿಡಿತಗಳಿಂದ ನೂರು ವರ್ಷ ನರಳಿದ ಕೋಲಾರದ ಅನುಭವವೂ ಪರ್ಯಾಯ ದಾರಿಯೊಂದಿಲ್ಲದ ಗಣಿ ಎಷ್ಟು ದುರ್ಬಲವೆಂಬುದನ್ನೇ ಹೇಳುತ್ತದೆ. ಕಿರುನಾದಲ್ಲಿ ಅದಿರಿನ ಮೇಲಿನ ಬಂಡೆಯನ್ನೂ ಕುಸಿಯಲು ಬಿಟ್ಟು ಗುರುತ್ವವನ್ನು ಪೂರ್ತಿಯಾಗಿ ದುಡಿಸಿಕೊಳ್ಳುವುದರಿಂದ ಅದರ ಬೆಲೆಯನ್ನು ಮೇಲಿನ ನೆಲ ತೆರುತ್ತಿದೆ. ಬಿರುಕು ಹರಡುವ ಮುನ್ನ ಪಟ್ಟಣವನ್ನೇ ಬೇರೆಡೆಗೆ ಒಯ್ಯುವ ಕೆಲಸದ ಭಾಗವಾಗಿ ಅಲ್ಲಿನ ಹಳೆಯ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಇಡಿಯಾಗಿ ಐದು ಕಿಲೋಮೀಟರ್ ಸಾಗಿಸಲಾಯಿತು.

ತೆಳುವಾದ ರೀಫಿನ ಚಿನ್ನದ ಗಣಿಗಳಿಗೆ ಈ ಬಗೆಯ ಬೃಹತ್ ರೈಲುಗಳು ಹೊಂದುವುದಿಲ್ಲ, ಅಲ್ಲಿ ಉಳಿತಾಯ ಬೇರೊಂದು ಕಡೆಯಿಂದ ಬರಬೇಕು. ಹಟ್ಟಿಯಂಥ ಗಣಿಯಲ್ಲಿ ರೀಫ್ ಒಂದು ಮೀಟರ್ ಅಗಲವಿದ್ದು, ಯಂತ್ರ ಓಡಾಡಲೆಂದು ಸ್ಟೋಪನ್ನು ಎರಡು ಮೀಟರ್ ಅಗಲಕ್ಕೆ ಸಿಡಿಸಿದರೆ, ಟನ್ನಿಗೆ 6 ಗ್ರಾಂ ಇದ್ದ ಅದಿರು ಬರಿಗಲ್ಲು ಬೆರೆತು 3 ಗ್ರಾಂನದಾಗುತ್ತದೆ; ಅಷ್ಟೇ ಚಿನ್ನಕ್ಕೆ ಎರಡು ಪಟ್ಟು ಕಲ್ಲನ್ನು ಟಬ್, ಓರ್ ಪಾಸ್, ಸ್ಕಿಪ್ ಎಲ್ಲವೂ ಹೊರಬೇಕಾಗುತ್ತದೆ. ಡೈಲ್ಯೂಷನ್ ಎನ್ನುವ ಈ ಬೆರಕೆಯನ್ನು ತಗ್ಗಿಸುವುದು ಸಾಗಣೆ ವಿಭಾಗದವರ ಕೈಯಲ್ಲಿಲ್ಲ. ರೀಫಿನ ಅಂಚನ್ನು ಬಣ್ಣದಿಂದ ಗುರುತಿಸುವ ಭೂವಿಜ್ಞಾನಿ, ಆ ಗುರುತಿನಿಂದಾಚೆ ತೂತು ಹೋಗದಂತೆ ಕೊರೆಯುವ ಡ್ರಿಲ್ಲರ್, ಮದ್ದನ್ನು ಹಿತಮಿತವಾಗಿ ತುಂಬುವ ಬ್ಲಾಸ್ಟರ್ ಇವರ ಕೈಯಲ್ಲಿದೆ. ಅನಿವಾರ್ಯವಾಗಿ ಬರುವ ಬರಿಗಲ್ಲನ್ನು ಕೂಡ, ಅದಿರಿನೊಡನೆ ಬೆರೆಯುವ ಮೊದಲೇ ಬೇರೆಯಾಗಿಟ್ಟು, ಹತ್ತಿರದ ಬರಿದಾದ ಸ್ಟೋಪುಗಳಿಗೆ ತುಂಬಿದರೆ ಆ ಜಾಗಗಳ ಗೋಡೆಗಳಿಗೆ ಆಸರೆಯೂ ಸಿಗುತ್ತದೆ. ಹಾಗೆ ಕೆಳಗೇ ಉಳಿಸಿದ ಪ್ರತಿ ಟನ್ ಬರಿಗಲ್ಲಿಗೆ ಸ್ಕಿಪ್ಪಿನಲ್ಲಿ ಒಂದು ಟನ್ ಅದಿರಿನ ಜಾಗ ತೆರವಾಗುವುದಲ್ಲದೆ, ಮೇಲಿನ ಗಿರಣಿಯಲ್ಲಿ ಅದನ್ನು ಅರೆಯಲು ಬೇಕಿದ್ದ ವಿದ್ಯುತ್ತೂ, ಅರೆದ ಪುಡಿಯನ್ನು ಸುರಿಯಲು ಬೇಕಿದ್ದ ನೆಲವೂ ಉಳಿಯುತ್ತವೆ.